ಮನೆಯ ಕಾಯಕಕ್ಕೂ ಲೆಕ್ಕವಿರಲಿ: ಸಣ್ಣ ಉದ್ಯಮಿಗಳು ಅರಿಯಬೇಕಾದ ತೆರಿಗೆಯ ಸಂಗತಿಗಳು



ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂತಹ ವಸತಿ ಬಡಾವಣೆಗಳಲ್ಲಿ ಇಂದು ಅನೇಕ ಮನೆಗಳು ಕಾಯಕದ ನೆಲೆಗಳೂ ಆಗಿವೆ. ಒಂದು ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಸಿದ್ಧವಾಗುತ್ತವೆ. ಮತ್ತೊಂದರಲ್ಲಿ ಹೊಲಿಗೆ ಯಂತ್ರ ಓಡುತ್ತದೆ. ಇನ್ನೊಂದರಲ್ಲಿ ಮಕ್ಕಳಿಗೆ ಮನೆಪಾಠ ನಡೆಯುತ್ತದೆ. ಹಿಂದೆ ಕೈಗೆ ಬರುತ್ತಿದ್ದ ಹಣ ಈಗ ಮೊಬೈಲಿನ ಮೂಲಕ ಬ್ಯಾಂಕ್ ಖಾತೆಗೆ ಬರುತ್ತದೆ. ಅದರೊಡನೆ ‘ನಮಗೂ ತೆರಿಗೆ ನೋಟಿಸು ಬಂದೀತೇ’ ಎಂಬ ಅಂಜಿಕೆಯೂ ಬಂದಿದೆ. ಈ ಅಂಜಿಕೆಯನ್ನು ಕಳೆಯಲು ಬೇಕಾದ ತಿಳಿವಳಿಕೆಯನ್ನು ಇಲ್ಲಿ ಸರಳವಾಗಿ ನೀಡಲು ಬಯಸುತ್ತೇವೆ.

ಅಂಜಿಕೆ ಹುಟ್ಟಿದ ಬಗೆ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ನೀಡಿತು. ಹಲವರು ಅಂಗಡಿಯ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಜುಲೈ 23ರಂದು ವರ್ತಕರ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ಮಿತಿ ಮೀರಿದವರು ಇನ್ನು ಮುಂದೆ ನೋಂದಣಿ ಮಾಡಿಸಲೇಬೇಕು ಎಂದು ತಿಳಿಸಿದರು.

ಈ ಪ್ರಸಂಗದಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ ಹಣವಲ್ಲ. ಮಗಳು ಕಳಿಸಿದ ಹಣ, ಚೀಟಿಯ ಹಣ, ಸ್ವಸಹಾಯ ಸಂಘದ ಉಳಿತಾಯ, ಕೈಗಡ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಹೊರಗಿನಿಂದ ನೋಡುವವರಿಗೆ ಅವೆಲ್ಲವೂ ವ್ಯಾಪಾರದಂತೆಯೇ ಕಾಣುತ್ತವೆ. ಅಲ್ಲವೆಂದು ತೋರಿಸುವ ಹೊಣೆ ಖಾತೆದಾರರ ಮೇಲೆ ಬೀಳುತ್ತದೆ.

ಎರಡು ತೆರಿಗೆ, ಎರಡು ಅಳತೆ

ಅನೇಕರು ಜಿಎಸ್‌ಟಿಯನ್ನೂ ಆದಾಯ ತೆರಿಗೆಯನ್ನೂ ಒಂದೇ ಎಂದು ಭಾವಿಸುತ್ತಾರೆ. ಜಿಎಸ್‌ಟಿ ನೋಂದಣಿಗೆ ನೋಡುವುದು ವರ್ಷದ ಒಟ್ಟು ವಹಿವಾಟನ್ನು. ಆದಾಯ ತೆರಿಗೆ ಬೀಳುವುದು ಲಾಭದ ಮೇಲೆ.

ನಮ್ಮ ರಾಜ್ಯದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಹೊಲಿಗೆ, ಬ್ಯೂಟಿ ಪಾರ್ಲರ್, ಮನೆಪಾಠದಂತಹ ಸೇವೆಗಳಿಗೆ 20 ಲಕ್ಷ. ಹಪ್ಪಳದಂತಹ ತೆರಿಗೆರಹಿತ ವಸ್ತುಗಳನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಅವುಗಳ ಜೊತೆಗೆ ತೆರಿಗೆಯುಳ್ಳ ಚಟ್ನಿಪುಡಿಯನ್ನೂ ಮಾರಿದರೆ, ಮಿತಿಯನ್ನು ಲೆಕ್ಕ ಹಾಕುವಾಗ ಎರಡರ ವಹಿವಾಟನ್ನೂ ಕೂಡಿಸಬೇಕು. ತೆರಿಗೆಯುಳ್ಳ ಸರಕನ್ನು ಪುಣೆಗೋ ಸೊಲ್ಲಾಪುರಕ್ಕೋ ಕೊರಿಯರ್ ಮೂಲಕ ಮಾರುವವರಿಗೆ ಸಾಮಾನ್ಯವಾಗಿ ಈ ಮಿತಿಯ ರಿಯಾಯಿತಿ ದೊರೆಯುವುದಿಲ್ಲ. ಅವರು ಮೊದಲೇ ನೋಂದಣಿ ಮಾಡಿಸಬೇಕು.

ಮಿತಿ ದಾಟಿದವರೂ ಎದೆಗುಂದಬೇಕಿಲ್ಲ. ರಾಜ್ಯದೊಳಗೇ ಸರಕು ಮಾರುವ, 1.5 ಕೋಟಿ ರೂಪಾಯಿವರೆಗಿನ ವಹಿವಾಟಿನ ಸಣ್ಣ ವರ್ತಕರಿಗೆ ರಾಜಿ ತೆರಿಗೆ ಪದ್ಧತಿಯಲ್ಲಿ ಶೇ. 1ರಷ್ಟು ತೆರಿಗೆ ಕಟ್ಟುವ ಅವಕಾಶವಿದೆ. ಆದರೆ ಈ ತೆರಿಗೆಯನ್ನು ಗ್ರಾಹಕರಿಂದ ಪ್ರತ್ಯೇಕವಾಗಿ ಪಡೆಯುವಂತಿಲ್ಲ.

ಆದಾಯ ತೆರಿಗೆಯ ಲೆಕ್ಕ

ಸಣ್ಣ ವ್ಯಾಪಾರಿಗಳಿಗೆ ಅಂದಾಜು ಆದಾಯ ಪದ್ಧತಿ ಎಂಬ ಅನುಕೂಲವಿದೆ. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಮಾರಾಟದ ಹಣದಲ್ಲಿ ಕನಿಷ್ಠ ಶೇ. 6, ನಗದಿನಲ್ಲಿ ಕನಿಷ್ಠ ಶೇ. 8 ಲಾಭವೆಂದು ತೋರಿಸಬೇಕು. ಒಬ್ಬ ತಾಯಿಯ ರೊಟ್ಟಿ ವ್ಯಾಪಾರ ವರ್ಷಕ್ಕೆ 9 ಲಕ್ಷ ಎಂದುಕೊಳ್ಳೋಣ. ಅದರಲ್ಲಿ 7 ಲಕ್ಷ ಯುಪಿಐನಿಂದ, 2 ಲಕ್ಷ ನಗದಾಗಿ ಬಂದಿದ್ದರೆ ಕನಿಷ್ಠ ಲಾಭ 42,000 ಮತ್ತು 16,000, ಒಟ್ಟು 58,000 ರೂಪಾಯಿ. ಯುಪಿಐ ಹಣಕ್ಕೆ ದರ ಕಡಿಮೆ ಇರುವುದನ್ನು ಗಮನಿಸಿ; ಅದಕ್ಕೆ ಹೆದರಿ ನಗದಿಗೆ ಮರಳುವುದರಲ್ಲಿ ಅರ್ಥವಿಲ್ಲ.

ಇದು ಕನಿಷ್ಠ ಪ್ರಮಾಣ ಮಾತ್ರ. ನಿಜವಾದ ಲಾಭ 3 ಲಕ್ಷವಾಗಿದ್ದರೆ 3 ಲಕ್ಷವನ್ನೇ ತೋರಿಸುವುದು ಧರ್ಮ. ಹಾಗೆ ತೋರಿಸಿದರೂ, ಬೇರೆ ಆದಾಯವಿಲ್ಲದಿದ್ದರೆ, ಆ ತಾಯಿಗೆ ತೆರಿಗೆ ಬೀಳುವುದಿಲ್ಲ. 2025-26ನೆಯ ಹಣಕಾಸು ವರ್ಷಕ್ಕೆ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಇಂತಹ ಸಾಮಾನ್ಯ ಆದಾಯ 12 ಲಕ್ಷದವರೆಗೆ ಇದ್ದರೂ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಆದರೆ ಆದಾಯ 4 ಲಕ್ಷ ಮೀರಿದರೆ ರಿಟರ್ನ್ ಸಲ್ಲಿಸಲೇಬೇಕು. ಅದಕ್ಕಿಂತ ಕಡಿಮೆಯಿದ್ದವರು ಸಲ್ಲಿಸಿದರೂ ಒಳಿತೇ. ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅದೇ ದಾಖಲೆಯಾಗುತ್ತದೆ. ಕಮಿಷನ್ ಮತ್ತು ದಲ್ಲಾಳಿ ಆದಾಯಕ್ಕೆ ಅಂದಾಜು ಪದ್ಧತಿ ಅನ್ವಯಿಸುವುದಿಲ್ಲ. ದರಗಳು ಬದಲಾಗುವುದರಿಂದ ಪ್ರತಿ ವರ್ಷ ಬಲ್ಲವರನ್ನು ಕೇಳಿಕೊಳ್ಳುವುದು ಲೇಸು.

ಇಂದೇ ಮಾಡಬೇಕಾದದ್ದು

ಮೊದಲನೆಯದಾಗಿ, ಕಾಯಕಕ್ಕೆಂದೇ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಗ್ರಾಹಕರಿಗೆ ತೋರಿಸುವ ಕ್ಯೂಆರ್ ಕೋಡನ್ನು ಅದಕ್ಕೇ ಜೋಡಿಸಬೇಕು. ಮನೆಯ ಹಣ, ಚೀಟಿಯ ಹಣ ಅದರೊಳಗೆ ಬರಬಾರದು. ಎರಡನೆಯದಾಗಿ, ದಿನವೂ ಮಲಗುವ ಮುನ್ನ ಪುಸ್ತಕದಲ್ಲಿ ಆ ದಿನದ ಮಾರಾಟ, ಖರ್ಚು ಎರಡನ್ನೂ ಬರೆದಿಡಬೇಕು. ಮೂರನೆಯದಾಗಿ, ಹಿಟ್ಟು, ಎಣ್ಣೆ, ಬಟ್ಟೆ ಕೊಂಡ ರಸೀದಿಗಳನ್ನು ತಿಂಗಳವಾರು ಕಟ್ಟಿಡಬೇಕು. ನಾಲ್ಕನೆಯದಾಗಿ, ನೋಟಿಸು ಬಂದರೆ ಅದನ್ನು ಮುಚ್ಚಿಡಬಾರದು. ಅದರಲ್ಲಿ ವಿವರಣೆ ಕೇಳಿದ್ದರೆ ಅದು ಇನ್ನೂ ಅಂತಿಮ ಆದೇಶವಲ್ಲ. ತಿಳಿಸಿದ ದಿನಾಂಕದೊಳಗೆ ದಾಖಲೆಗಳೊಡನೆ ಉತ್ತರಿಸಬೇಕು. ಜಿಎಸ್‌ಟಿ ನೋಂದಣಿಗೆ ಸರ್ಕಾರದ ಶುಲ್ಕವಿಲ್ಲ ಎಂಬುದೂ ನೆನಪಿರಲಿ.

ಬಸವಣ್ಣನವರು ಕಲ್ಯಾಣದಲ್ಲಿ ಭಂಡಾರಿಯ ಹೊಣೆ ಹೊತ್ತವರು. ಲೆಕ್ಕ ಬರೆಯುವುದು ಕಾಯಕಕ್ಕೆ ಹೊರತಾದ ಕೆಲಸವೆಂದು ನಾವು ಎಣಿಸಬಾರದು. ಬೆವರು ಸುರಿಸಿ ಗಳಿಸಿದ ಹಣಕ್ಕೆ ಅಂಜುವ ಅಗತ್ಯವಿಲ್ಲ. ಅದರ ಲೆಕ್ಕ ಕೈಯಲ್ಲಿದ್ದರೆ ಸಾಕು.