ಮುಪ್ಪಿನ ಉಸಿರು, ತುಂಬಿದ ಸಭೆ

ರಾತ್ರಿಯ ಊಟ ಮುಗಿಸಿ ನವುಲೆಯ ನಿಮ್ಮ ಮನೆಯಲ್ಲಿ ರೇಡಿಯೋ ಹಾಕಿದ್ದೀರಿ, ಹಿರಿಯ ವಿದ್ವಾಂಸರೊಬ್ಬರ ಕಚೇರಿ ಬರುತ್ತಿದೆ ಎನ್ನೋಣ. 1965ರಲ್ಲಿ ಭದ್ರಾವತಿ ನಿಲಯ ಆರಂಭವಾದ ಮೇಲೆ ಈ ಸೀಮೆಯವರಿಗೆ ಇದು ಹೊಸ ಅನುಭವವೇನಲ್ಲ. ನಡುವೆ ಯಾರೋ ಕೆಮ್ಮುತ್ತಾರೆ. ತಂಬೂರಿಯ ಶ್ರುತಿಯನ್ನು ಮತ್ತೆ ಕೂಡಿಸುತ್ತಾರೆ. ತಾರಸ್ಥಾಯಿಯಲ್ಲಿ ಕಂಠ ಕ್ಷಣಕಾಲ ನಡುಗುತ್ತದೆ. ವಿದ್ವಾಂಸರು ಅದೇ ಸಂಗತಿಯನ್ನು ಬೇರೊಂದು ದಾರಿಯಿಂದ ಹೋಗಿ ಹಿಡಿಯುತ್ತಾರೆ. ಆಗ ಸಭೆಯಿಂದ ಒಂದು ‘ಭಲೆ!’ ಇದನ್ನು ಸವಿಯಬಲ್ಲ ನೀವು, ವೃದ್ಧ ಜಾಜ್ ವಾದಕರು ಸಭೆಯೆದುರು ನುಡಿಸಿದ ಧ್ವನಿಮುದ್ರಿಕೆಗಳನ್ನೂ ಸವಿಯಬಲ್ಲಿರಿ.

ಜಾಜ್ ಎಂದರೆ ಬರೀ ಗದ್ದಲದ ಕುಣಿತದ ಸಂಗೀತವೆಂಬ ಭಾವನೆ ನಮ್ಮಲ್ಲಿ ಹಲವರಿಗುಂಟು. ಆದರೆ ಅದರ ಜೀವವಿರುವುದು ಮನೋಧರ್ಮದಲ್ಲಿ. ಮೊದಲು ಎಲ್ಲರೂ ಕೂಡಿ ಒಂದು ಮಟ್ಟನ್ನು ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರು ಸರದಿಯಂತೆ, ಆ ಮಟ್ಟಿನ ಆವರ್ತವನ್ನು ಬಿಡದೆ, ಆ ಕ್ಷಣಕ್ಕೆ ತೋಚಿದ್ದನ್ನು ಕಟ್ಟುತ್ತ ಹೋಗಿ ಕೊನೆಗೆ ಮೂಲಕ್ಕೇ ಮರಳುತ್ತಾರೆ. ನಮ್ಮ ಕಲ್ಪನಾಸ್ವರ ಎಡುಪಿಗೆ ಬಂದು ಕೂಡುವಂತೆ. ನಮ್ಮಲ್ಲಿ ಆಧಾರ ಷಡ್ಜ ಅಲುಗದೆ ನಿಂತಿರುತ್ತದೆ. ಅವರಲ್ಲಿ ಪಿಯಾನೋ ಅಥವಾ ಗಿಟಾರಿನ ಸ್ವರಗುಚ್ಛಗಳು ಅಡಿಯಲ್ಲಿ ಸರಿಯುತ್ತಲೇ ಇರುತ್ತವೆ. ಸ್ಟುಡಿಯೋದಲ್ಲಿ ತಪ್ಪಿದರೆ ಮತ್ತೊಮ್ಮೆ ನುಡಿಸಬಹುದು. ಸಭೆಯಲ್ಲಿ ತಪ್ಪಿದ್ದನ್ನೂ ನುಂಗಿಕೊಂಡೇ ಮುಂದೆ ಸಾಗಬೇಕು.

ಕನ್ನಡ ನಾಡಿನೊಡನೆ ನಂಟುಳ್ಳ ಚಾರ್ಲಿ ಮರಿಯಾನೊ ಅವರನ್ನೇ ನೋಡಿ. 1923ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಈ ಸ್ಯಾಕ್ಸೊಫೋನ್ ವಾದಕರು ನಾಗಸ್ವರಕ್ಕೆ ಮನಸೋತು, ದಕ್ಷಿಣ ಭಾರತಕ್ಕೆ ಬಂದು ಶಿಷ್ಯರಂತೆ ಕುಳಿತು ಅದನ್ನು ಕಲಿತರು. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನ ತಂಡದೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಮುದ್ರಿಕೆ ಮಾಡಿದರು. ಆರ್.ಎ. ರಮಾಮಣಿ ಅವರ ಕಂಠ, ಮಣಿ ಅವರ ಮೃದಂಗ, ಜೊತೆಗೆ ಘಟ, ಖಂಜಿರ, ಕೊನ್ನಕೋಲು. ಮುಂದೆ ಇದೇ ತಂಡ ಸಭೆಯೆದುರು ನುಡಿಸಿದ್ದೂ ‘ಲೈವ್’ ಎಂಬ ಹೆಸರಿನಿಂದ ಹೊರಬಂತು.

ನಾನು ಹೇಳಬೇಕೆಂದಿರುವುದು ಅವರ ಇನ್ನೊಂದು ಮುದ್ರಿಕೆಯ ವಿಷಯ. 2008ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನುಡಿಸಿದ ‘ದಿ ಗ್ರೇಟ್ ಕಾನ್ಸರ್ಟ್’. ಆಗ ಮರಿಯಾನೊ ಅವರಿಗೆ ಎಂಬತ್ತನಾಲ್ಕು. ಜೊತೆಗೆ ಇಬ್ಬರೇ: ಗಿಟಾರಿಗೆ ಫಿಲಿಪ್ ಕ್ಯಾಥರೀನ್, ಪಿಯಾನೋಗೆ ಯಾಸ್ಪರ್ ಫಾನ್ಟ್ ಹಾಫ್, 1970ರ ದಶಕದಿಂದ ಬಂದ ಒಡನಾಟ. ಡ್ರಮ್ ಇಲ್ಲ, ಮರೆಮಾಚಲು ಏನೂ ಇಲ್ಲ. ಊದುವ ವಾದ್ಯಕ್ಕೆ ಮುಪ್ಪು ಮೊದಲು ಕಾಣುವುದು ಉಸಿರಿನಲ್ಲಿ. ಯೌವನದಲ್ಲಿ ಉಸಿರು ದುಂದು ಮಾಡಿದರೂ ನಡೆದೀತು. ಆ ವಯಸ್ಸಿನಲ್ಲಿ ಒಂದೊಂದು ಸ್ವರಕ್ಕೂ ಲೆಕ್ಕ ಇಡಬೇಕು. 2009ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆ ರಾತ್ರಿ ಯಂತ್ರ ಹಚ್ಚದಿದ್ದರೆ ಅದೂ ಅವರೊಡನೆಯೇ ಹೋಗುತ್ತಿತ್ತು.

ಇಂಥವು ಇನ್ನೂ ಇವೆ. ಚಾರ್ಲ್ಸ್ ಲಾಯ್ಡ್ ತಮ್ಮ ಎಂಬತ್ತನೆಯ ಹುಟ್ಟುಹಬ್ಬದಂದೇ, 2018ರ ಮಾರ್ಚ್ 15ರಂದು, ಕ್ಯಾಲಿಫೋರ್ನಿಯಾದ ಲೊಬೆರೊ ರಂಗಮಂದಿರದಲ್ಲಿ ನುಡಿಸಿದ್ದು 2020ರಲ್ಲಿ ಪ್ರಕಟವಾಯಿತು. 1966ರ ತಮ್ಮ ಹಳೆಯ ಮಟ್ಟೊಂದನ್ನು ಅಲ್ಲಿ ನಿಧಾನವಾಗಿ ಬಿಚ್ಚಿದ್ದಾರೆ. ಸೋನಿ ರಾಲಿನ್ಸ್ ಅವರದು ಬೇರೆಯೇ ಸಂದರ್ಭ: ನ್ಯೂಯಾರ್ಕ್ ಗೋಪುರಗಳು ಉರುಳಿದಾಗ ಸಮೀಪದ ಮನೆಯನ್ನು ತೊರೆಯಬೇಕಾಯಿತು, ನಾಲ್ಕೇ ದಿನಗಳಲ್ಲಿ, 2001ರ ಸೆಪ್ಟೆಂಬರ್ 15ರಂದು, ಎಪ್ಪತ್ತೊಂದರ ಅವರು ಬಾಸ್ಟನ್‌ನಲ್ಲಿ ನುಡಿಸಿದರು.

ನಮ್ಮ ಕದ್ರಿ ಗೋಪಾಲನಾಥರನ್ನು ಇಲ್ಲಿ ನೆನೆಯದಿರಲಾದೀತೆ? 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವಾಗಿಯೇ ಕೇಳಿಕೊಂಡು ಅವರ ಜೊತೆ ವೇದಿಕೆಯೇರಿದರು. 2019ರಲ್ಲಿ ಕದ್ರಿಯವರೂ ಅಗಲಿದರು.

ಒಂದು ಸ್ವಂತ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಗಣೇಶೋತ್ಸವದಲ್ಲಿ ವೃದ್ಧ ವಿದ್ವಾಂಸರೊಬ್ಬರು ಹಾಡಿದ್ದನ್ನು ಕ್ಯಾಸೆಟ್ಟಿಗೆ ಹಿಡಿದಿದ್ದೆ. ಕೆಮ್ಮು, ಕುರ್ಚಿಯ ಸದ್ದು, ಮಗುವಿನ ಅಳು. ಕೇಳಲು ಚೆನ್ನಾಗಿಲ್ಲವೆಂದು ಅದರ ಮೇಲೆಯೇ ಸಿನಿಮಾ ಹಾಡುಗಳನ್ನು ತುಂಬಿಸಿದೆ. ಮರುವರ್ಷ ಅವರು ಇರಲಿಲ್ಲ. ಸಿನಿಮಾ ಹಾಡುಗಳು ಎಲ್ಲೆಲ್ಲೂ ಸಿಕ್ಕುತ್ತವೆ.

ನಿಮ್ಮ ಬೀರುವಿನಲ್ಲಿ ಅಂಥದೊಂದು ಕ್ಯಾಸೆಟ್ ಇದ್ದರೆ, ಮಳೆಗಾಲದ ಬೂಸಲು ಹಿಡಿಯುವ ಮೊದಲು ಪ್ರತಿ ಮಾಡಿಸಿಡಿ. ಕೆಮ್ಮನ್ನು ತೆಗೆಸಬೇಡಿ.