ಹೀರೋ ಆಗಲು ಹೋದವನಿಗೆ ಘೋಡಗೇರಿ ಕಲಿಸಿದ ಪಾಠ!

ಗಾಂಧಿನಗರ! ಈ ಹೆಸರು ಕೇಳಿ ಎದೆ ಢವಢವ ಅನ್ನದ ಸಿನಿಮಾ ಹುಚ್ಚ ಯಾರಿದ್ದಾನೆ? ನನ್ನೆದೆಯೂ ಅಂದಿತ್ತು. 1979ನೇ ಇಸವಿ. ವಯಸ್ಸು 20. ಕಿವಿ ಮುಚ್ಚುವ ಕ್ರಾಪು, ಬೆಲ್‌ಬಾಟಮ್ ಪ್ಯಾಂಟು, ಕಿಸೆಯಲ್ಲಿ ನೂರಾ ಹತ್ತು ರೂಪಾಯಿ, ಒಂದು ಡಜನ್ ಫೋಟೋ. ಹುಕ್ಕೇರಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹೊರಟೇಬಿಟ್ಟೆ!

ನನಗೇನು ಬರುತ್ತಿತ್ತು ಅಂತೀರಾ? ಫೈಟಿಂಗ್ ಇಲ್ಲ, ಡ್ಯಾನ್ಸ್ ಇಲ್ಲ. ಬರುತ್ತಿದ್ದದ್ದು ಒಂದೇ... ಪಾರಿಜಾತ. ಕುಲಗೋಡ ತಮ್ಮಣ್ಣ ನಮ್ಮ ಸೀಮೆಯಲ್ಲಿ ಬೆಳೆಸಿದ ಶ್ರೀಕೃಷ್ಣ ಪಾರಿಜಾತದ ಆಟ. ಮೀಸೆ ಮೂಡುವ ಮುಂಚೆಯೇ ದೂತಿಯ ವೇಷ ಹಾಕಿ ಬೆಳತನಕ ಊರನ್ನು ನಗಿಸಿದವನು ನಾನು. ಆದರೆ ಬೆಂಗಳೂರಿನಲ್ಲಿ ಇದನ್ನು ಒಬ್ಬರಿಗೂ ಹೇಳಲಿಲ್ಲ. ಛೆ, ಹಳ್ಳಿ ಆಟ! ಹೇಳಿದರೆ ನಗುತ್ತಾರಲ್ಲ!

ನಕ್ಕೇಬಿಟ್ಟರು. ಒಂದು ಆಫೀಸಿನಲ್ಲಿ ಡೈಲಾಗ್ ಹೇಳು ಅಂದರು. ಬೆಂಗಳೂರು ಕನ್ನಡದಲ್ಲಿ ಶುರು ಮಾಡಿದೆ. ನಡುವೆ ಬಾಯಿ ತಪ್ಪಿ ‘ಹಂಗ’, ‘ಹಿಂಗ’ ಬಂತು. "ಮೊದಲು ಕನ್ನಡ ಕಲಿತು ಬಾರಪ್ಪಾ!" ಎಂದರು ಒಬ್ಬರು. ಆರು ತಿಂಗಳು ಹೋಟೆಲಿನಲ್ಲಿ ಲೋಟ ತೊಳೆದೆ, ರಾತ್ರಿ ಕನ್ನಡಿ ಮುಂದೆ ನಿಂತು ನನ್ನ ಮಾತನ್ನು ನಾನೇ ಕೊಂದೆ. ಚಾನ್ಸು ಮಾತ್ರ ಸಿಗಲಿಲ್ಲ.

ಘಟಪ್ರಭಾ ಸ್ಟೇಷನ್ನಿನ ಬೆಳಗು

1980ರ ಒಂದು ಬೆಳಗಿನ ಜಾವ ಘಟಪ್ರಭಾದಲ್ಲಿ ರೈಲಿಳಿದೆ. ಮನೆಗೆ ಹೋಗಲು ಕಾಲು ಬರಲಿಲ್ಲ. ಬದುಕೇ ಸಾಕು ಅನ್ನಿಸಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ನಮ್ಮ ಸೋದರಮಾವ ಕೂತಿದ್ದ!

"ಯಾಕೋ ತಮ್ಮಾ, ಮಾರಿ ಸಣ್ಣ ಮಾಡೀದಿ?"

"ಏನೂ ಇಲ್ಲ ಮಾವ, ಚೆನ್ನಾಗಿದ್ದೇನೆ."

"ಎಲಾ ಇವನ! ನಮ್ಮ ಮಾತೂ ಬೆಂಗಳೂರಾಗ ಬಿಟ್ಟು ಬಂದೀ ಏನು?"

ಕಪಾಳಕ್ಕೆ ಹೊಡೆದ ಹಾಗಾಯಿತು. ಅದೇ ಹೊತ್ತಿಗೆ ಅಂಗಡಿಯ ರೇಡಿಯೋದಲ್ಲಿ ‘ಕಾಡು ಕುದುರೆ’ ಚಿತ್ರದ ಹಾಡು. ಶಿವಮೊಗ್ಗ ಸುಬ್ಬಣ್ಣನವರ ಕಂಠ! ಮಾವ ತಲೆದೂಗುತ್ತ ಕೇಳಿದ, "ಇದನ್ನ ಬರದಾಂವ ಯಾರು ಗೊತ್ತೈತೇನು? ನಮ್ಮ ಘೋಡಗೇರಿ ಕಂಬಾರ!"

ನಾನು ನಾಚಿಕೆಯಿಂದ ಬಚ್ಚಿಟ್ಟ ಮಾತಿನ ಲಯ ಅಲ್ಲಿ ಕುದುರೆಯ ಹಾಗೆ ಕುಣಿಯುತ್ತಿತ್ತು. ಆ ಹಾಡಿಗೇ ಸುಬ್ಬಣ್ಣನವರಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದದ್ದು!

ಕುಲುಮೆಯ ಮನೆಯ ಹುಡುಗ

ಚಂದ್ರಶೇಖರ ಕಂಬಾರರು 1937ರ ಜನವರಿ 2ರಂದು ಘೋಡಗೇರಿಯಲ್ಲಿ ಹುಟ್ಟಿದರು. ಬಡತನಕ್ಕೆ ಓದು ನಿಲ್ಲುವ ಪರಿಸ್ಥಿತಿ. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಹೈಸ್ಕೂಲಿನ ಖರ್ಚು ವಹಿಸಿಕೊಂಡರು. ಮುಂದೆ ಡಾಕ್ಟರೇಟ್ ಆಯಿತು, ಷಿಕಾಗೋದಲ್ಲಿ ಪಾಠ ಹೇಳಿದ್ದೂ ಆಯಿತು. ಆದರೆ ಊರಿನ ಹಾಡು, ಬಯಲಾಟ, ಬೈಗುಳ ಯಾವುದನ್ನೂ ಅವರು ಬಿಡಲಿಲ್ಲ. ಅದನ್ನೇ ‘ಜೋಕುಮಾರಸ್ವಾಮಿ’ ನಾಟಕ ಮಾಡಿದರು, ‘ಕರಿಮಾಯಿ’ ಕಾದಂಬರಿ ಮಾಡಿದರು, ಕ್ಯಾಮೆರಾ ಹಿಂದೆ ನಿಂತು ‘ಕಾಡು ಕುದುರೆ’ ಮಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2010ನೇ ಸಾಲಿನ ಜ್ಞಾನಪೀಠ, 2021ರಲ್ಲಿ ಪದ್ಮಭೂಷಣ!

ಗಮನಿಸಿದಿರಾ? ನಾನು ಬಚ್ಚಿಟ್ಟದ್ದನ್ನೇ ಅವರು ಬಂಡವಾಳ ಮಾಡಿಕೊಂಡರು. ಹಾಗಂತ ಎಲ್ಲಾ ಒಬ್ಬರೇ ಸಾಧಿಸಿದರು ಅನ್ನಬೇಡಿ. ಕೈ ಹಿಡಿಯಲು ಸ್ವಾಮಿಗಳಿದ್ದರು. ನನಗೆ ಮಾವ ಇದ್ದ!

ವಿಜ್ಞಾನ ಏನನ್ನುತ್ತೆ?

ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ 1998ರ ಸುಮಾರಿಗೆ ಒಂದು ಪ್ರಶ್ನೆ ಎತ್ತಿದರು. ಮನುಷ್ಯನ ಕಾಯಿಲೆ ಎಣಿಸಿದ್ದು ಸಾಕು, ಅವನ ಬಲ ಎಣಿಸೋಣವೇ? ಕ್ರಿಸ್ಟೋಫರ್ ಪೀಟರ್‌ಸನ್ ಜೊತೆ ಸೇರಿ 2004ರಲ್ಲಿ 24 ಬಲಗಳ ಪಟ್ಟಿಯನ್ನೇ ಕೊಟ್ಟರು. ಧೈರ್ಯ, ಕರುಣೆ, ಕುತೂಹಲ, ಪಟ್ಟು ಹಿಡಿದು ದುಡಿಯುವುದು, ಕೃತಜ್ಞತೆ... ನಗಿಸುವ ಗುಣವೂ ಅದರಲ್ಲಿದೆ. ನನ್ನ ದೂತಿಗೂ ಜಾಗ ಸಿಕ್ಕಿತು, ನೋಡಿ!

2005ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಲು ಸರಳ. ನಿಮ್ಮ ಮುಖ್ಯವಾದ ಐದು ಬಲ ಗುರುತಿಸಿ. ಒಂದು ವಾರ, ದಿನಾ ಅದರಲ್ಲೊಂದನ್ನು ಹೊಸ ರೀತಿಯಲ್ಲಿ ಬಳಸಿ. ಹಾಗೆ ಮಾಡಿದವರಲ್ಲಿ ಹೆಚ್ಚಿದ ನೆಮ್ಮದಿ ಆರು ತಿಂಗಳಾದ ಮೇಲೂ ಕಂಡುಬಂತು. ನಿಮ್ಮ ಬಲ ನಿಮಗೇ ಕಾಣದಿದ್ದರೆ ಅವ್ವನನ್ನು ಕೇಳಿ, ಜೀವದ ಗೆಳೆಯನನ್ನು ಕೇಳಿ. ಮನಸ್ಸು ತೀರಾ ಕುಸಿದಿದ್ದರೆ ಮಾತ್ರ ಒಬ್ಬರೇ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಅದರಲ್ಲಿ ನಾಚಿಕೆ ಏನಿದೆ?

ಮತ್ತೆ ನಾನು? ಆ ವರ್ಷದ ಜಾತ್ರೆಯಲ್ಲೇ ಮತ್ತೆ ಬಣ್ಣ ಹಚ್ಚಿದೆ. ಇವತ್ತು ತಲೆ ನೆರೆತಿದೆ, ಸಂಜೆ ಓಣಿಯ ಹುಡುಗರಿಗೆ ಪಾರಿಜಾತ ಕಲಿಸುತ್ತೇನೆ. ನನ್ನ ಕಟೌಟು ಎಲ್ಲೂ ನಿಂತಿಲ್ಲ. ಆದರೆ ಮೊನ್ನೆ ಒಬ್ಬ ಪೋರ ಕೇಳಿದ, "ಅಜ್ಜಾರ, ನಾ ಬೆಂಗಳೂರಿಗೆ ಹೋಗ್ಲೇನ್ರಿ ಸಿನಿಮಾಕ್ಕ?"

"ಹೋಗು ಮಗನ," ಅಂದೆ. "ಆದರ ನಿನ್ನ ಮಾತು ಜೋಡಿಗೆ ಒಯ್ಯಿ!"