ಬಟವಾಡಿ: ಹಮಾಲಿಯೂ ಮೇಷ್ಟ್ರಾಗುವ ಯಾರ್ಡು

ತುಮಕೂರಿನ ಬಿ.ಎಚ್. ರಸ್ತೆಯಿಂದ ಬಟವಾಡಿಯ ಎಪಿಎಂಸಿ ಯಾರ್ಡಿಗೆ ಕಾಲಿಟ್ಟರೆ ಹುಣಸೆಯ ಕಾಲವೆಂದು ಮೊದಲು ಮೂಗಿಗೇ ಗೊತ್ತಾಗುತ್ತದೆ. ನಾನು ಹೋದ ಬೆಳಿಗ್ಗೆ ಮಂಡಿಯೊಂದರ ಜಗಲಿ ಮೇಲೆ ಗೋಣಿಚೀಲ ಹಾಸಿಕೊಂಡು ಹತ್ತು ಹನ್ನೆರಡು ಚಿತ್ರಕಲಾ ವಿದ್ಯಾರ್ಥಿಗಳು ಕೂತಿದ್ದರು. ಮೇಷ್ಟ್ರು ಯಾರೆಂದು ತಿಳಿಯಲು ಹೊತ್ತು ಹಿಡಿಯಿತು. ಅವರೂ ತೊಡೆ ಮೇಲೆ ಬೋರ್ಡಿಟ್ಟುಕೊಂಡು ಬಿಡಿಸುತ್ತಿದ್ದರು.

ತುಮಕೂರಿಗೆ ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಹುಣಸೆ ವ್ಯಾಪಾರ ಅದಕ್ಕಿಂತ ಎಷ್ಟೋ ಹಳೆಯದು. ಕಲಿಕೆ ಹೀಗೆ ತರಗತಿಯಿಂದ ಆಚೆ ಬರುವುದೂ ಹೊಸದಲ್ಲ. ಶಾಂತಿನಿಕೇತನದಲ್ಲಿ 1919ರಲ್ಲಿ ಶುರುವಾದ ಕಲಾಭವನದಲ್ಲಿ ನಂದಲಾಲ್ ಬೋಸರು ಹುಡುಗರನ್ನು ಸಂತಾಲರ ಹಳ್ಳಿಗಳಿಗೆ ಕರೆದೊಯ್ಯುತ್ತಿದ್ದರು. ಬರೋಡದ ಕಲಾಶಾಲೆಯಲ್ಲಿ 1961ರಿಂದ ಮೇಷ್ಟ್ರು, ಮಕ್ಕಳು ಕೂಡಿ ಆಟಿಕೆ ಮಾಡಿ ಜಾತ್ರೆಯಲ್ಲಿ ಮಾರುತ್ತ ಬಂದರು. ಬಟವಾಡಿಯ ಜಗಲಿಯದೂ ಅದೇ ದಾರಿ.

ಈ ವಿದ್ಯಾರ್ಥಿಗಳ ಕೈಯಲ್ಲಿದ್ದ ಇದ್ದಿಲು ಹುಣಸೆ ಕಡ್ಡಿಯದು. ಮೈಸೂರು ಶೈಲಿಯ ಹಳೆಯ ಚಿತ್ರಗಾರರು ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಿಲಲ್ಲೇ ಗೆರೆ ಹಾಕುತ್ತಿದ್ದರು. ಇವರು ಕೊಳವೆಯ ಬದಲು ಹಳೇ ಡಬ್ಬಿ ಬಳಸಿದ್ದಾರೆ. ನಾನೂ ಒಂದು ಗೆರೆ ಎಳೆದೆ. ಮೆತ್ತಗೆ, ಬೂದುಗಪ್ಪಗೆ ಹರಡಿತು.

ಮೂಟೆ ಇಳಿಸಿ ಬಂದ ಹಮಾಲಿಯೊಬ್ಬರು ಹುಡುಗಿಯೊಬ್ಬಳ ಹಾಳೆ ನೋಡಿ ತಡೆದರು. "ಮೂಟೆ ಹೊತ್ತೋನು ಹಿಂಗೆ ನೆಟ್ಟಗೆ ನಿಂತ್ಕತಾನೇನವ್ವ? ಭಾರ ಎಲ್ಲಾ ಬೆನ್ನ ಮೇಲೆ. ಮಂಡಿ ನೋಡು, ಬಗ್ಗಿರ್ತದೆ." ಹೇಳಿ ಸುಮ್ಮನಾಗಲಿಲ್ಲ. ಖಾಲಿ ಚೀಲ ಹೊತ್ತು ನಿಂತರು, ಕೊಕ್ಕೆ ಚೀಲದ ಕಿವಿಗೆ ಸಿಕ್ಕುವ ಬಗೆ ಮೂರು ಸಲ ತೋರಿಸಿದರು. ಅಷ್ಟೂ ಜನ ಹಾಳೆ ತಿರುಗಿಸಿ ಹೊಸದಾಗಿ ಬಿಡಿಸಿದರು, ಮೇಷ್ಟ್ರೂ ಕೂಡ. ಇಪ್ಪತ್ತು ವರ್ಷದ ಹೊರೆ ಹೊತ್ತ ಬೆನ್ನಿಗೆ ಗೊತ್ತಿದ್ದದ್ದು ಯಾವ ಅನಾಟಮಿ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಸಿಗುವುದಿಲ್ಲ ಎಂದು ನನಗನ್ನಿಸಿತು.

ಆಮೇಲೆ ಹೆಸರು ಬರೆಯದ ಹಾಳೆಗಳನ್ನೆಲ್ಲ ಸಾಲಾಗಿ ಹರಡಿದರು. ತಪ್ಪು ಯಾರದೆಂದು ಕೇಳುವಂತಿಲ್ಲ, ಎಲ್ಲಿದೆಯೆಂದಷ್ಟೇ ಹೇಳಬೇಕು. ಮೇಷ್ಟ್ರ ಹಾಳೆಯ ಕಾಲು ಗಿಡ್ಡವಾಗಿದೆ ಎಂದು ಮೊದಲ ವರ್ಷದ ಹುಡುಗ ಹೇಳಿದ. ಮೇಷ್ಟ್ರು ಅಳಿಸಿ ತಿದ್ದಿದರು.

ಮೇಷ್ಟ್ರ ಸಂಕಟ ಬೇರೆ. ಪರೀಕ್ಷೆಯ ಅಂಕಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾಲಂ. ನಾಲ್ಕು ಕೈ ಸೇರಿ ಬಿಡಿಸಿದ ಚಿತ್ರವನ್ನು ಯಾರ ಹೆಸರಿಗೆ ಹಾಕುವುದು? ಗುಂಪಿನ ಕೆಲಸಕ್ಕೂ ಒಂದು ಕಾಲಂ ಇರಲೆಂದು ಅವರು ಮೂರು ವರ್ಷದಿಂದ ಅರ್ಜಿ ಬರೆಯುತ್ತಿದ್ದಾರೆ. ಒಂದು ಕಾಲಂ ಸೇರಿಸಲು ಇಷ್ಟು ತಡ ಮಾಡಬಾರದು. ಜೊತೆಗೆ, ಬಿಸಿಲಲ್ಲಿ ದಿನವಿಡೀ ಕೂರುವ ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಶುಚಿಯಾದ ಶೌಚಾಲಯವೂ ಬೇಕು.

ಹರಾಜಿನ ಕೂಗು ಎದ್ದಿತು. ಹಾಳೆ ಸುರುಳಿ ಸುತ್ತುವಾಗ ಆ ಹಮಾಲಿ ತಮ್ಮ ಚಿತ್ರವನ್ನು ಕೇಳಿ ಪಡೆದು, ಮಡಚದೆ ಮಂಡಿಯ ಗೋಡೆಗೆ ಒರಗಿಸಿ ಇಟ್ಟರು.